ದೇವರ ಹೆಸರಿನಲ್ಲಿ ಬರುವ ಮೋಸವನ್ನು ಒರೆಗೆ ಹಚ್ಚುವುದು ಹೇಗೆ? ವಿಶ್ವಾಸಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಗುಳೇದಗುಡ್ಡದಲ್ಲಿ ನನ್ನ ಚಿಗವ್ವ ಬೋರಮಾಳ (ಚಿನ್ನದ ಗುಂಡಿನ ಸರ) ಅಡವಿಡಲು ಹೋದಾಗ ಅಕ್ಕಸಾಲಿ ಪತ್ತಾರರು ಅದನ್ನು ಕೈಗೆ ತಗೊಂಡ ತಕ್ಷಣ ದುಡ್ಡು ಎಣಿಸಲಿಲ್ಲ. ಮೊದಲು ಕರಿ ಒರೆಗಲ್ಲನ್ನು ಬಟ್ಟೆಯಿಂದ ಒರೆಸಿಕೊಂಡರು. ಒಂದು ಗುಂಡನ್ನು ಅದರ ಮೇಲೆ ಉಜ್ಜಿದರು. ತಮ್ಮ ಹತ್ತಿರ ಇದ್ದ ಅಪ್ಪಟ ಚಿನ್ನದ ಕಡ್ಡಿಯಿಂದ ಅದರ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದರು. ಎರಡರ ಮೇಲೂ ಆಸಿಡ್ ಹನಿ ಬಿಟ್ಟು ಕಾದರು. ಗೆರೆ ಮಾಸಲಿಲ್ಲ. ಆಮೇಲೆ ಇನ್ನೊಂದು ಗುಂಡು, ಮತ್ತೊಂದು. ಅರ್ಧ ಗಂಟೆ ಹಿಡಿಯಿತು. ಚಿಗವ್ವನಿಗೆ ಬೇಜಾರಾಗಲಿಲ್ಲ, ಅವಮಾನ ಅಂತಲೂ ಅನಿಸಲಿಲ್ಲ. ಒಡವೆ ಅಪ್ಪಟ ಅಂತ ಅವಳಿಗೆ ಗೊತ್ತಿತ್ತಲ್ವಾ.

ಬಂದ ದುಡ್ಡನ್ನು ಅದೇ ಸಂಜೆ ಊರಿಗೆ ಬಂದಿದ್ದ ಒಬ್ಬ "ಪ್ರವಾದಿ"ಯ ಕೈಗೆ ಕೊಟ್ಟಳು. ಮಗಳ ಮದುವೆ ತಡವಾಗಲು ಮನೆತನದ ಶಾಪ ಕಾರಣ, ಮೂರು ವಾರದಲ್ಲಿ ಬಿಡುಗಡೆ ಅಂತ ಅವನು ಹೇಳಿದ್ದ. ಆ ಮಾತನ್ನು ಯಾರೂ ಯಾವ ಕಲ್ಲಿಗೂ ಉಜ್ಜಲಿಲ್ಲ. ಕೊಡುವ ಮುಂಚೆ ಅವಳು ನನಗೆ ಫೋನ್ ಮಾಡಿದ್ದಳು. "ಯಪ್ಪಾ, ದೇವರ ಮಾತು ಬಂದೈತಿ, ತಡಾ ಮಾಡಬಾರದಂತ" ಅಂದಳು. "ಪ್ರಾರ್ಥನೆ ಮಾಡು ಚಿಗವ್ವ" ಅಂತ ಹೇಳಿ ನಾನು ಫೋನ್ ಇಟ್ಟೆ. ಅದು ನನ್ನ ತಪ್ಪು. ಹೇಗೆ ಪರೀಕ್ಷೆ ಮಾಡಬೇಕು ಅಂತ ಅವಳು ಕೇಳುತ್ತಿದ್ದಳು. ನಾನು ಬರೀ ಪ್ರಾರ್ಥನೆ ಅಂದೆ.

ಆಮೇಲೆ ಇಳಕಲ್‌ನಲ್ಲಿ, ಬನಹಟ್ಟಿಯಲ್ಲಿ, ಗೋಕಾಕದಲ್ಲಿ, ಇಂಡಿಯಲ್ಲಿ ಪ್ರಾರ್ಥನಾ ಕೂಟಕ್ಕೆ ಹೋದಾಗೆಲ್ಲ ಇದೇ ಕಥೆ ಬೇರೆ ಬೇರೆ ರೂಪದಲ್ಲಿ ಕಿವಿಗೆ ಬಿತ್ತು. ಮೋಸ ಹೋದವರು ಸತ್ಯವೇದ ತಿಳಿಯದವರಲ್ಲ. "ಎಲ್ಲಾ ಆತ್ಮಗಳನ್ನು ನಂಬದೆ ಪರೀಕ್ಷಿಸಿರಿ" ಅನ್ನುವ 1 ಯೋಹಾನ 4:1 ಅವರಿಗೆ ಬಾಯಿಪಾಠ. ತಪ್ಪುತ್ತಿರುವುದು ಕ್ರಮದಲ್ಲಿ. ಮೊದಲು ನಂಬುತ್ತಾರೆ, ಆಮೇಲೆ ಕೊಡುತ್ತಾರೆ, ಕೊನೆಗೆ ಪರೀಕ್ಷೆ ಮಾಡುತ್ತಾರೆ. ಆದ್ದರಿಂದ ಇಲ್ಲಿ ನಾನು ಹೇಳುವುದನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೇ ಹಂತ ಬಿಟ್ಟು ಐದನೆಯದಕ್ಕೆ ಹಾರಬೇಡಿ.

ಶುರು ಮಾಡುವ ಮುಂಚೆ ಏನೇನು ಬೇಕು

ಒಂದು ನೋಟ್‌ಬುಕ್ ಮತ್ತು ಪೆನ್ನು. ಅಚ್ಚಾದ ಸತ್ಯವೇದ. ಮೊಬೈಲ್‌ನಲ್ಲಿ ವಚನ ಹುಡುಕಿದರೆ ಆ ಒಂದೇ ವಚನ ಕಾಣುತ್ತದೆ. ಪುಸ್ತಕದಲ್ಲಾದರೆ ಹಿಂದಿನದೂ ಮುಂದಿನದೂ ಕಣ್ಣಿಗೆ ಬೀಳುತ್ತದೆ, ನಮಗೆ ಬೇಕಿರುವುದು ಅದೇ. ಇಬ್ಬರು ಮನುಷ್ಯರ ಹೆಸರನ್ನು ಈಗಲೇ ಬರೆದಿಡಿ, ತೊಂದರೆ ಬಂದ ಮೇಲೆ ಹುಡುಕಲು ಆಗುವುದಿಲ್ಲ. ಒಬ್ಬರು ನಿಮ್ಮ ಸಭೆಯ ಹಿರಿಯರಾಗಿರಲಿ, ಇನ್ನೊಬ್ಬರು ನಿಮ್ಮ ಮನೆಯಲ್ಲಿ ಎದುರು ಮಾತಾಡುವ ಧೈರ್ಯ ಇರುವವರಾಗಿರಲಿ. ಮತ್ತೆ ಬೇಕಾದದ್ದು ಮೂರು ದಿನ.

ಹಂತ 1: ಮೊದಲು ನಿಮ್ಮ ಆಸೆಯನ್ನು ಬರೆಯಿರಿ

ಎದುರಿಗಿರುವವನನ್ನು ಪರೀಕ್ಷೆ ಮಾಡುವ ಮುಂಚೆ ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ. ಈ ಮಾತು ನಿಜವಾಗಲಿ ಅಂತ ನಾನು ಎಷ್ಟು ಆಸೆ ಪಡುತ್ತಿದ್ದೇನೆ? ಮಗಳ ಮದುವೆ, ಮಗನ ನೌಕರಿ, ಮಕ್ಕಳಾಗದ ನೋವು, ತೀರದ ಸಾಲ, ವಾಸಿಯಾಗದ ರೋಗ. ಮೋಸ ಬರುವುದು ಇವುಗಳಲ್ಲಿ ಯಾವುದೋ ಒಂದು ಬಾಗಿಲಿನಿಂದ. ಯಾಕೋಬನ ಪತ್ರಿಕೆ (1:14) ಹೇಳುವುದೂ ಅದೇ, ಪ್ರತಿಯೊಬ್ಬನನ್ನೂ ಎಳೆಯುವುದು ಅವನ ಆಸೆಯೇ.

ಅರಸನಾದ ಅಹಾಬನ ಮುಂದೆ ಸುಮಾರು 400 ಪ್ರವಾದಿಗಳು "ಯುದ್ಧಕ್ಕೆ ಹೋಗು, ಗೆಲ್ಲುತ್ತೀ" ಅಂದರು. ಮೀಕಾಯೆಹು ಒಬ್ಬನೇ ಬೇರೆ ಮಾತು ಹೇಳಿದ. ಅಹಾಬ ಅವನನ್ನು ದ್ವೇಷಿಸಲು ಕೊಟ್ಟ ಕಾರಣವೇ "ಇವನು ನನಗೆ ಒಳ್ಳೇದನ್ನು ಹೇಳುವುದಿಲ್ಲ" ಎಂಬುದು (1 ಅರಸುಗಳು 22). 400 ಜನ ಹೇಳಿದ್ದು ಅವನ ಆಸೆಗೆ ಸರಿಯಾಗಿತ್ತು, ಅಷ್ಟೇ. ಅವನು ಆ ಯುದ್ಧದಲ್ಲೇ ಸತ್ತ.

ನೋಟ್‌ಬುಕ್‌ನ ಮೇಲ್ಗಡೆ ಒಂದು ಸಾಲು ಬರೆಯಿರಿ: "ನನಗೆ ಈಗ ತುಂಬ ಬೇಕಿರುವುದು ಇದು." ಬರೆದ ಮೇಲೆ ನೋಡಿ, ಬಂದಿರುವ ಮಾತು ಆ ಸಾಲಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂಡುತ್ತಿದೆಯಾ? ಕೂಡಿದರೆ ಸುಳ್ಳು ಅಂತ ಅರ್ಥವಲ್ಲ. ಪರೀಕ್ಷೆ ಎರಡು ಪಟ್ಟು ಬಿಗಿಯಾಗಬೇಕು ಅಂತ ಅರ್ಥ.

ಇಲ್ಲಿ ಆಗುವ ಸಾಮಾನ್ಯ ತಪ್ಪು: "ನನ್ನ ಮನಸ್ಸಿನಲ್ಲಿ ಇದ್ದದ್ದನ್ನೇ ಅವರು ಹೇಳಿದರು, ಅಂದ ಮೇಲೆ ದೇವರೇ ತಿಳಿಸಿದ್ದು." ನಿಮ್ಮ ಮನೆಯ ಕಷ್ಟ ಓಣಿಗೆಲ್ಲ ಗೊತ್ತಿರುತ್ತದೆ. ಕೂಟದಲ್ಲಿ ನೀವೇ ಎದ್ದು ಪ್ರಾರ್ಥನೆ ಕೋರಿರುತ್ತೀರಿ. ವಾಟ್ಸಪ್ ಗುಂಪಿನಲ್ಲೂ ಬರೆದಿರುತ್ತೀರಿ.

ಹಂತ 2: ಮೂರು ದಿನ ತಡೆಯಿರಿ

ಗಿಬ್ಯೋನಿನವರ ಕಥೆ ಯೆಹೋಶುವ 9ರಲ್ಲಿ ಇದೆ. ಹರಿದ ಗೋಣಿಚೀಲ, ತೇಪೆ ಹಾಕಿದ ಕೆರ, ಒಣಗಿ ಬೂಸು ಹಿಡಿದ ರೊಟ್ಟಿ ಹಿಡಿದುಕೊಂಡು ಇಸ್ರಾಯೇಲ್ಯರ ಹತ್ತಿರ ಒಪ್ಪಂದ ಕೇಳಲು ಬಂದರು. "ಬಹಳ ದೂರದಿಂದ ಬಂದಿದ್ದೇವೆ, ಮನೆಯಿಂದ ಹೊರಟಾಗ ಈ ರೊಟ್ಟಿ ಬಿಸಿ ಇತ್ತು" ಅಂದರು. ಇಸ್ರಾಯೇಲ್ಯರು ರೊಟ್ಟಿಯನ್ನು ಕೈಗೆ ತಗೊಂಡು ನೋಡಿದರು. ಯೆಹೋವನನ್ನು ಮಾತ್ರ ಕೇಳಲಿಲ್ಲ. ಆಣೆ ಇಟ್ಟು ಒಪ್ಪಂದ ಮಾಡಿಕೊಂಡರು. ಮೂರು ದಿನದ ಮೇಲೆ ಗೊತ್ತಾಯಿತು, ಇವರು ಪಕ್ಕದ ಊರಿನವರೇ.

ಈ ಕಥೆಯಲ್ಲಿ ನನ್ನನ್ನು ತುಂಬ ಯೋಚನೆಗೆ ಹಚ್ಚಿದ್ದು ಆ ರೊಟ್ಟಿ. ನಮ್ಮ ಕಡೆಯ ಹೆಣ್ಣುಮಕ್ಕಳು ಕಟಕ ರೊಟ್ಟಿ ಮುರಿದು ಸದ್ದು ಕೇಳಿಯೇ ಎಷ್ಟು ದಿನದ್ದು ಅಂತ ಹೇಳಬಲ್ಲರು. ಇಸ್ರಾಯೇಲ್ಯರೂ ಸರಿಯಾಗಿಯೇ ಹೇಳಿದರು. ರೊಟ್ಟಿ ನಿಜವಾಗಿಯೂ ಹಳೆಯದು. ಪುರಾವೆ ಖರೆ, ಕಥೆ ಸುಳ್ಳು. ವಾಸಿಯಾದವರ ಫೋಟೋ ಆಲ್ಬಮ್, ವೀಸಾದ ಕಾಗದ, ವಿದೇಶಿ ಸಭೆಯ ಲೆಟರ್‌ಹೆಡ್, ವಿಡಿಯೋ ಕಾಲ್‌ನಲ್ಲಿ ಕಾಣುವ ದೊಡ್ಡ ಆಫೀಸು, ಇವೆಲ್ಲ ಅವರೇ ಕಟ್ಟಿಕೊಂಡು ಬಂದ ರೊಟ್ಟಿ. ಅವರು ತಂದು ತೋರಿಸಿದ್ದನ್ನು ನೋಡಿ ತೀರ್ಮಾನ ಮಾಡಬೇಡಿ. ನೀವೇ ಹೋಗಿ ಹುಡುಕಿದ್ದನ್ನು ನೋಡಿ ಮಾಡಿ.

ಮೂರು ದಿನ ತಡೆದಿದ್ದರೆ ಅವರಿಗೆ ಸಾಕಿತ್ತು. ನಮಗೂ ಸಾಮಾನ್ಯವಾಗಿ ಅಷ್ಟೇ ಸಾಕು. ದುಡ್ಡು, ಸಹಿ, ಆಧಾರ್ ನಕಲು, ಒಟಿಪಿ, ಮದುವೆಯ ಮಾತು, ಯಾವುದನ್ನೂ ಮೂರು ದಿನ ಕೊಡಬೇಡಿ. ದೇವರು ಹೇಳಿದ್ದು ಗುರುವಾರ ನಿಜವಾಗಿದ್ದರೆ ಭಾನುವಾರವೂ ನಿಜವಾಗಿರುತ್ತದೆ.

ಎಚ್ಚರಿಕೆಯ ಗುರುತು: "ಇವತ್ತು ರಾತ್ರಿ ಹನ್ನೆರಡರ ಒಳಗೆ", "ಅಭಿಷೇಕ ಈಗ ಇಳಿದಿದೆ, ತಡ ಮಾಡಿದರೆ ಹೋಗುತ್ತದೆ", "ಸೀಟು ಎರಡೇ ಉಳಿದಿವೆ". ಕಾಲಾವಕಾಶ ಕೇಳಿದ ತಕ್ಷಣ ಮುಖ ಬದಲಾದರೆ ನಿಮಗೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಒಡವೆ ಅಪ್ಪಟವಾಗಿದ್ದರೆ ಒರೆಗಲ್ಲಿಗೆ ಯಾರು ಸಿಟ್ಟಾಗುತ್ತಾರೆ?

ಹಂತ 3: ಹೇಳಿದ ಮಾತನ್ನು ಹೇಳಿದ ಹಾಗೇ ಬರೆಯಿರಿ

ಇದು ಸಣ್ಣ ಹಂತ, ಹತ್ತು ನಿಮಿಷದ ಕೆಲಸ. ಆದರೆ ಜಾಸ್ತಿ ಜನ ಬಿಡುವುದು ಇದನ್ನೇ. ತಾರೀಖು ಹಾಕಿ. ಯಾರು, ಎಲ್ಲಿ, ಯಾರ ಮುಂದೆ, ಯಾವ ಮಾತಿನಲ್ಲಿ ಹೇಳಿದರು ಅಂತ ಬರೆಯಿರಿ. ಏನಾಗುತ್ತದೆ ಅಂದರು, ಎಷ್ಟು ದಿನದಲ್ಲಿ ಅಂದರು, ನೀವು ಏನು ಕೊಡಬೇಕು ಅಂದರು, ಮೂರೂ ಇರಲಿ.

ಬರೆಯದಿದ್ದರೆ ಆಮೇಲೆ ಮಾತು ಜಾರುತ್ತದೆ. "ಮೂರು ವಾರದಲ್ಲಿ ಮದುವೆ" ಅಂದದ್ದು "ಮೂರು ವಾರದಲ್ಲಿ ದಾರಿ ತೆರೆಯುತ್ತದೆ" ಅಂತಾಗುತ್ತದೆ, ಕೊನೆಗೆ "ನಿಮ್ಮ ವಿಶ್ವಾಸ ಕಡಿಮೆ ಆಯಿತು" ಅಂತ ತಪ್ಪು ನಿಮ್ಮ ತಲೆಗೇ ಬರುತ್ತದೆ. ಚಿಗವ್ವನಿಗೂ ಹೀಗೇ ಆಯಿತು. ಧರ್ಮೋಪದೇಶಕಾಂಡ 18:22 ಸರಳವಾಗಿ ಹೇಳುತ್ತದೆ, ಯೆಹೋವನ ಹೆಸರಿನಲ್ಲಿ ಹೇಳಿದ ಮಾತು ನಡೆಯದಿದ್ದರೆ ಅದು ಅವನ ಮಾತಲ್ಲ, ಅಂಥ ಪ್ರವಾದಿಗೆ ಹೆದರಬೇಡಿ. ಮಾತು ಬರೆದಿಟ್ಟಿದ್ದರೆ ತಾನೇ ನಡೆಯಿತೋ ಇಲ್ಲವೋ ನೋಡಲು ಆಗುವುದು?

ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಹೇಳಿದ್ದು ನಡೆದರೂ ಪರೀಕ್ಷೆ ಮುಗಿಯಲಿಲ್ಲ. ಅದೇ ಪುಸ್ತಕದ 13ನೇ ಅಧ್ಯಾಯದ ಮೊದಲ ಮೂರು ವಚನ ಓದಿ. ಗುರುತು ನಿಜವಾದರೂ ಅವನು ಬೇರೆ ದೇವರ ಕಡೆಗೆ ಎಳೆದರೆ ಕಿವಿಗೊಡಬೇಡಿ ಅಂತಿದೆ. ನಿಮ್ಮ ಫೋನ್ ನಂಬರ್, ಮನೆಯ ಬಣ್ಣ, ತಾಯಿಯ ಹೆಸರು ಹೇಳಿದ ಅಂತ ಬೆರಗಾಗಿ ಕೂರಬೇಡಿ.

ಹಂತ 4: ವಚನದ ಹಿಂದೆ ಮುಂದೆ ಓದಿ

ಈ ಹಂತಕ್ಕೆ ಒಂದು ಸಂಜೆ ಇಡಿ. ನಮ್ಮವರು ಮೋಸ ಹೋಗುವುದು ವಚನ ಇಲ್ಲದ ಮಾತಿಗಲ್ಲ, ವಚನ ಹಿಡಿದುಕೊಂಡು ಬಂದ ಮಾತಿಗೆ. ಸೈತಾನ ಯೇಸುವನ್ನು ದೇವಾಲಯದ ಶಿಖರಕ್ಕೆ ಕರೆದುಕೊಂಡು ಹೋಗಿ "ಕೆಳಗೆ ಧುಮುಕು" ಅಂದಾಗ ಕೀರ್ತನೆ 91ನ್ನೇ ಹೇಳಿದ. ಹೇಳಿದ್ದು 11 ಮತ್ತು 12ನೇ ವಚನ. ಮುಂದಿನ 13ನೇ ವಚನದಲ್ಲಿ ಸಿಂಹವನ್ನೂ ಸರ್ಪವನ್ನೂ ತುಳಿಯುವ ಮಾತಿದೆ. ಅಲ್ಲಿಗೆ ಬರುವ ಮುಂಚೆಯೇ ನಿಲ್ಲಿಸಿದ. ಯೇಸು ಸಿಟ್ಟಿನಿಂದ ಕೂಗಲಿಲ್ಲ, "ಹೀಗೂ ಬರೆದದೆ" ಅಂದ. ಒಂದು ವಚನಕ್ಕೆ ಇನ್ನೊಂದು ವಚನ ಪಕ್ಕದಲ್ಲಿ ಇಟ್ಟ. ಪತ್ತಾರರು ಅಪ್ಪಟ ಚಿನ್ನದ ಗೆರೆಯನ್ನು ಪಕ್ಕದಲ್ಲಿ ಎಳೆದ ಹಾಗೆ.

ಮಾಡಬೇಕಾದದ್ದು ಇಷ್ಟು. ಅವರು ಹೇಳಿದ ವಚನ ತೆಗೆಯಿರಿ. ಆ ಅಧ್ಯಾಯ ಪೂರ್ತಿ ಓದಿ, ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು. ಹಿಂದಿನ ಅಧ್ಯಾಯದ ಕೊನೆಯನ್ನೂ ಓದಿ. ಆಮೇಲೆ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ: ಇದನ್ನು ಯಾರಿಗೆ ಹೇಳಿದ್ದು? ಯಾವಾಗ? ಇದರ ಪಕ್ಕದ ವಚನ ಇವರು ಹೇಳಿದ ಅರ್ಥಕ್ಕೆ ಒಪ್ಪುತ್ತದಾ?

ಉದಾಹರಣೆಗೆ ಯೆರೆಮೀಯ 29:11 ತಗೊಳ್ಳಿ. "ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆ ಹಿತದ್ದೇ, ಕೇಡಿನದಲ್ಲ" ಎಂಬ ಮಾತು. ಕ್ಯಾಲೆಂಡರಿನಲ್ಲಿ, ಗೋಡೆಯ ಮೇಲೆ, ಗಾಡಿಯ ಹಿಂದೆ ಎಲ್ಲ ಕಡೆ ಇದೆ. "ಈ ತಿಂಗಳಲ್ಲೇ ನಿಮ್ಮ ಕಷ್ಟ ತೀರುತ್ತದೆ" ಅನ್ನುವವರು ಹಿಡಿಯುವ ವಚನವೂ ಇದೇ. ಈಗ ಒಂದು ಸಾಲು ಮೇಲೆ ಹೋಗಿ. 10ನೇ ವಚನ ಏನನ್ನುತ್ತದೆ? ಬಾಬೆಲಿನ ಸೆರೆಯಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ. ಇನ್ನೂ ಮೇಲೆ ಹೋಗಿ, 8 ಮತ್ತು 9. ನಿಮ್ಮ ಮಧ್ಯದಲ್ಲಿರುವ ಪ್ರವಾದಿಗಳು, ಕಣಿ ಹೇಳುವವರು ನಿಮ್ಮನ್ನು ಮೋಸ ಮಾಡದ ಹಾಗೆ ನೋಡಿಕೊಳ್ಳಿ, ಅವರು ನನ್ನ ಹೆಸರಿನಲ್ಲಿ ಸುಳ್ಳು ಹೇಳುತ್ತಾರೆ, ನಾನು ಅವರನ್ನು ಕಳುಹಿಸಿಲ್ಲ ಅಂತ ಇದೆ. ಅಂದರೆ ಯಾವ ವಚನದಿಂದ ನಮ್ಮನ್ನು ಮೋಸ ಮಾಡುತ್ತಾರೋ ಅದರ ಎರಡು ಸಾಲು ಮೇಲೆಯೇ ಅಂಥವರ ಬಗ್ಗೆ ಎಚ್ಚರಿಕೆ ಇದೆ. ಇದು ನನ್ನ ಕಣ್ಣಿಗೆ ಬಿದ್ದ ದಿನ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟೆ.

ಹಿಂದಿನ 28ನೇ ಅಧ್ಯಾಯಕ್ಕೂ ಹೋಗಿ. ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ಆ ಸೆರೆ "ಎರಡೇ ವರ್ಷ" ಅನ್ನುತ್ತಾನೆ. ಬಾಬೆಲಿಗೆ ಅಧೀನರಾಗುವ ಗುರುತಾಗಿ ಯೆರೆಮೀಯ ಕುತ್ತಿಗೆಗೆ ಹಾಕಿಕೊಂಡಿದ್ದ ನೊಗ ತೆಗೆದು ಮುರಿದೂ ಹಾಕುತ್ತಾನೆ. ಯೆರೆಮೀಯ ಅಲ್ಲೇ ಜಗಳಕ್ಕೆ ನಿಲ್ಲಲಿಲ್ಲ. "ಆಮೆನ್, ಯೆಹೋವನು ಹಾಗೇ ಮಾಡಲಿ" ಅಂದ, ಶಾಂತಿಯ ಪ್ರವಾದನೆ ನಡೆದ ಮೇಲೆಯೇ ಗೊತ್ತಾಗುತ್ತದೆ ಅಂದ, ಎದ್ದು ತನ್ನ ದಾರಿ ಹಿಡಿದ. ಒಳ್ಳೆಯ ಮಾತಿಗೆ ಆಮೆನ್ ಅನ್ನಬಹುದು. ಆಮೆನ್ ಅಂದ ಮಾತ್ರಕ್ಕೆ ಪರ್ಸ್ ತೆರೆಯಬೇಕಾಗಿಲ್ಲ.

ಲೂಕ 6:38ರ "ಕೊಡಿರಿ, ನಿಮಗೂ ಕೊಡಲ್ಪಡುವುದು" ಎಂಬುದನ್ನೂ ಹೀಗೇ ಓದಿ ನೋಡಿ. ಅದರ ಹಿಂದಿನ ವಚನ ತೀರ್ಪು ಮಾಡಬೇಡಿ, ಕ್ಷಮಿಸಿ ಅನ್ನುತ್ತದೆ. ಅಲ್ಲಿ ಕಾಣಿಕೆಯ ರೇಟು ಇಲ್ಲ.

ಇಲ್ಲಿ ಆಗುವ ತಪ್ಪು: "ಪಾಸ್ಟರ್‌ಗಿಂತ ನನಗೆ ಜಾಸ್ತಿ ಗೊತ್ತಾ?" ಅಂತ ಹಿಂಜರಿಯುವುದು. ಬೆರೋಯದವರು ಪೌಲನ ಮಾತನ್ನೇ ಪ್ರತಿದಿನ ಶಾಸ್ತ್ರದಲ್ಲಿ ಹುಡುಕಿ ನೋಡಿದರು. ಅಪೊಸ್ತಲರ ಕೃತ್ಯಗಳು 17:11 ಅದನ್ನು ಅವರ ಸದ್ಗುಣ ಅಂತ ಹೇಳುತ್ತದೆ. ಪೌಲನಿಗೇ ನಡೆದದ್ದು ಬೇರೆಯವರಿಗೆ ಯಾಕೆ ನಡೆಯಬಾರದು?

ಹಂತ 5: ಫಲ ನೋಡಲು ಮರದ ಹತ್ತಿರ ಹೋಗಿ

ಮತ್ತಾಯ 7ರಲ್ಲಿ ಯೇಸು ಸುಳ್ಳು ಪ್ರವಾದಿಗಳನ್ನು ಅವರ ಫಲದಿಂದ ತಿಳಿಯಿರಿ ಅಂದ. ಇಂಡಿಯ ಲಿಂಬೆ ಬೆಳೆಯುವವರಿಗೆ, ವಿಜಯಪುರದ ದ್ರಾಕ್ಷಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿಡವನ್ನು ನರ್ಸರಿಯಲ್ಲಿ ನೋಡಿ ತೀರ್ಮಾನ ಮಾಡುವುದಿಲ್ಲ. ಕಾಯಿ ಬಿಡುವವರೆಗೆ ಕಾಯುತ್ತೇವೆ.

ವೇದಿಕೆಯ ಮೇಲೆ ಕಾಣುವುದು ಎಲೆ. ಫಲ ಇರುವುದು ಮನೆಯಲ್ಲಿ. ಅವರ ಊರಿಗೆ ಹೋಗಿ, ಇಲ್ಲವಾದರೆ ಆ ಊರಿನ ಸಭೆಯ ಹಿರಿಯರಿಗೆ ಫೋನ್ ಮಾಡಿ. ಇವರು ಯಾವ ಸಭೆಗೆ ಸೇರಿದವರು, ಯಾರಿಗೆ ಲೆಕ್ಕ ಒಪ್ಪಿಸುತ್ತಾರೆ, ಮೊದಲಿನ ಊರು ಯಾಕೆ ಬಿಟ್ಟರು, ಹೆಂಡತಿ ಮಕ್ಕಳ ಜೊತೆ, ಕೆಲಸದವರ ಜೊತೆ ಹೇಗಿದ್ದಾರೆ ಅಂತ ಕೇಳಿ. "ನಾನು ದೇವರೊಬ್ಬನಿಗೇ ಉತ್ತರ ಕೊಡುವವನು" ಅನ್ನುವವನ ಹತ್ತಿರ ಎಚ್ಚರ.

ಇನ್ನೊಂದು ಕಷ್ಟದ ವಿಷಯ. ಮೋಸವನ್ನು ನಿಮ್ಮ ಮನೆಗೆ ತಂದವರು ಜಾಸ್ತಿ ಸಲ ಒಳ್ಳೆಯವರೇ ಆಗಿರುತ್ತಾರೆ. ಸಭೆಯ ಅಕ್ಕ, ಸೋದರಮಾವ, ಬಾಲ್ಯದ ಗೆಳೆಯ. ಅವರೂ ನಂಬಿ ದುಡ್ಡು ಹಾಕಿರುತ್ತಾರೆ, ನಮಗೂ ಒಳ್ಳೆಯದಾಗಲಿ ಅಂತ ಹೇಳಿರುತ್ತಾರೆ. 1 ಅರಸುಗಳು 13ರಲ್ಲಿ ಬೇತೇಲಿನ ಮುದುಕ ಪ್ರವಾದಿ "ನಾನೂ ನಿನ್ನ ಹಾಗೆ ಪ್ರವಾದಿ, ದೇವದೂತ ನನಗೆ ಹೇಳಿದ" ಅಂತ ಸುಳ್ಳು ಹೇಳಿ ದೇವರ ಮನುಷ್ಯನನ್ನು ಊಟಕ್ಕೆ ಕರೆದ. ಉಣ್ಣಬೇಡ ಅಂತ ತನಗೇ ನೇರವಾಗಿ ಬಂದಿದ್ದ ಮಾತನ್ನು ಬಿಟ್ಟು ಅವನು ಹಿರಿಯನ ಮಾತು ಕೇಳಿದ, ದಾರಿಯಲ್ಲಿ ಸಿಂಹದ ಬಾಯಿಗೆ ಬಿದ್ದ. ಆದ್ದರಿಂದ ಹೇಳಿದವರ ಒಳ್ಳೆಯತನವನ್ನು ಒಂದು ಕಡೆ ಬರೆಯಿರಿ, ಹೇಳಿದ ವಿಷಯದ ಸತ್ಯವನ್ನು ಇನ್ನೊಂದು ಕಡೆ ಬರೆಯಿರಿ. ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕಬೇಡಿ.

ಹಂತ 6: ದುಡ್ಡು ಎಲ್ಲಿಗೆ ಹೋಗುತ್ತದೆ ನೋಡಿ

ಪೌಲ ಕಾಣಿಕೆ ಸಾಗಿಸುವಾಗ ಒಬ್ಬನೇ ಹೋಗಲಿಲ್ಲ, ಜೊತೆಗೆ ಸಭೆಗಳು ಆರಿಸಿದವರನ್ನು ಕಳುಹಿಸಿದ. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ 2 ಕೊರಿಂಥ 8:20-21ರಲ್ಲಿ ಬರೆದ. ಲೆಕ್ಕ ಕೇಳುವುದು ಅವಿಶ್ವಾಸ ಅನ್ನುವವರಿಗೆ ಈ ವಚನ ತೋರಿಸಿ.

ಕಾಣಿಕೆಗೆ ರಸೀದಿ ಕೇಳಿ, ಅದು ಸಭೆಯ ಅಥವಾ ಟ್ರಸ್ಟಿನ ಹೆಸರಿನಲ್ಲಿರಬೇಕು. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪಿನ್ ಒತ್ತುವ ಮುಂಚೆ ಯಾರ ಹೆಸರು ಬರುತ್ತದೆ ನೋಡಿ. ಹೇಳುವುದು ಅನಾಥಾಲಯ, ಪರದೆಯ ಮೇಲೆ ಯಾರದೋ ಸ್ವಂತ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. ನಿಮಗೆ ದುಡ್ಡು ಬರಬೇಕಾದರೆ ಪಿನ್ ಒತ್ತುವ ಅಗತ್ಯವೇ ಇಲ್ಲ.

ಪ್ರಾರ್ಥನೆಗೆ, ಪ್ರವಾದನೆಗೆ ರೇಟು ಇದ್ದರೆ ಮುಂದೆ ಪರೀಕ್ಷೆ ಮಾಡುವ ಅಗತ್ಯವಿಲ್ಲ. ದೇವರ ವರವನ್ನು ದುಡ್ಡಿಗೆ ಕೇಳಿದ ಸೀಮೋನನಿಗೆ ಪೇತ್ರ ಏನಂದ ಅಂತ ಅಪೊಸ್ತಲರ ಕೃತ್ಯಗಳು 8:20ರಲ್ಲಿ ಇದೆ. ಪ್ರವಾದಿ ಎಲೀಷನು ಕುಷ್ಠ ವಾಸಿಯಾದ ನಾಮಾನನಿಂದ ಏನೂ ಮುಟ್ಟಲಿಲ್ಲ. ಹಿಂದೆ ಓಡಿ ಹೋಗಿ ಬೆಳ್ಳಿ, ಬಟ್ಟೆ ತಂದವನು ಅವನ ಸೇವಕ ಗೇಹಜಿ.

ಸಣ್ಣ ಸಭೆಗಳ ಪಾಸ್ಟರ್‌ಗಳಿಗೆ ಒಂದು ಮಾತು. "ವಿದೇಶದಿಂದ ನಿಮ್ಮ ಸಭೆಯ ಕಟ್ಟಡಕ್ಕೆ ಹತ್ತು ಲಕ್ಷ ಕಳುಹಿಸುತ್ತೇವೆ, ಮೊದಲು ಪ್ರೊಸೆಸಿಂಗ್ ಫೀ ಕಟ್ಟಿ" ಅಂತ ಮೆಸೇಜ್ ಬರುತ್ತದೆ. ನಮ್ಮ ದೇಶದಲ್ಲಿ ಸಭೆಯ ಕೆಲಸಕ್ಕೆ ವಿದೇಶಿ ದೇಣಿಗೆ ಪಡೆಯಲು 2010ರ ಎಫ್‌ಸಿಆರ್‌ಎ ಕಾಯ್ದೆಯ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿಯ ಮೇಲೆ ಆ ದುಡ್ಡು ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಿಮ್ಮ ಊರಿನ ಉಳಿತಾಯ ಖಾತೆಗೆ ನೇರವಾಗಿ ಹಾಕುತ್ತೇವೆ ಅಂದರೆ ಒಂದೋ ಅದು ಮೋಸ, ಇಲ್ಲವೇ ನಿಮ್ಮನ್ನು ಕೇಸಿಗೆ ಸಿಕ್ಕಿಸುವ ದಾರಿ. ಖಾತೆಯನ್ನು "ಸ್ವಲ್ಪ ದಿನ ಬಳಸಲು" ಯಾರಿಗೂ ಕೊಡಬೇಡಿ.

ಹೊರದೇಶದ ನೌಕರಿಯ ಆಸೆ ತೋರಿಸಿದರೆ ಏಜೆಂಟರ ನೋಂದಣಿಯನ್ನು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ. ನೋಂದಾಯಿತ ಏಜೆಂಟರು ಸೇವಾ ಶುಲ್ಕ ಅಂತ ತಗೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. "ಪವಿತ್ರ ನಾಡಿನಲ್ಲಿ ಕೆಲಸ, ಸದ್ಯ ಟೂರಿಸ್ಟ್ ವೀಸಾದಲ್ಲಿ ಹೋಗಿ" ಅಂದರೆ ಹೋಗಬೇಡಿ. ದುಡ್ಡು ಎರಡು ಪಟ್ಟು ಮಾಡುವ "ವಿಶ್ವಾಸಿಗಳ ಸ್ಕೀಮ್" ಬಂದರೆ ಆ ಸಂಸ್ಥೆಗೆ ಠೇವಣಿ ತಗೊಳ್ಳುವ ಅನುಮತಿ ಇದೆಯಾ ಅಂತ ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲ್‌ನಲ್ಲಿ ನೋಡಿ. ಶುರುವಿಗೆ ಪ್ರಾರ್ಥನೆ ಮಾಡಿದ ಮಾತ್ರಕ್ಕೆ ಸ್ಕೀಮ್ ಕಾನೂನಿಗೆ ಸರಿಯಾಗುವುದಿಲ್ಲ.

ಹಂತ 7: ಇಬ್ಬರ ಮುಂದೆ ಇಡಿ

ಈಗ ನೋಟ್‌ಬುಕ್ ತಗೊಂಡು ಮೊದಲೇ ಬರೆದಿಟ್ಟ ಆ ಇಬ್ಬರ ಹತ್ತಿರ ಹೋಗಿ. ನಿಮ್ಮ ಅಭಿಪ್ರಾಯ ಮೊದಲು ಹೇಳಬೇಡಿ. ಬರೆದದ್ದನ್ನು ಓದಿ, ಅವರ ಮಾತು ಕೇಳಿ. ಜ್ಞಾನೋಕ್ತಿ 18:17 ಹೇಳುವ ಹಾಗೆ ಮೊದಲು ವಾದ ಮಾಡಿದವನೇ ಸರಿ ಅನಿಸುತ್ತದೆ, ಎದುರಿನವನು ಬಂದು ಪ್ರಶ್ನೆ ಕೇಳುವ ತನಕ.

"ಇದನ್ನು ಯಾರಿಗೂ ಹೇಳಬೇಡಿ, ಹೇಳಿದರೆ ಆಶೀರ್ವಾದ ಹೋಗುತ್ತದೆ" ಅಂತ ಯಾರಾದರೂ ಅಂದಿದ್ದರೆ ಇದೇ ಮೊದಲು ಹೇಳಬೇಕಾದ ವಿಷಯ. ವಿಡಿಯೋ ಕಾಲ್‌ನಲ್ಲಿ ಪೊಲೀಸ್ ವೇಷ ಹಾಕಿ "ಡಿಜಿಟಲ್ ಅರೆಸ್ಟ್" ಅನ್ನುವವರೂ ಬಾಗಿಲು ಹಾಕಿಕೊಳ್ಳಿ, ಮನೆಯವರಿಗೂ ಹೇಳಬೇಡಿ ಅನ್ನುತ್ತಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಎರಡೂ ಕಡೆ ತಂತ್ರ ಒಂದೇ, ನಿಮ್ಮನ್ನು ಒಂಟಿ ಮಾಡುವುದು.

ನಡುವೆ ಎಲ್ಲೇ ಕಂಡರೂ ಅಲ್ಲೇ ನಿಲ್ಲಬೇಕಾದ ಗುರುತು

ಗುಳಿಗೆ ಬಿಡು, ಇನ್ಸುಲಿನ್ ಬಿಡು, ಔಷಧಿ ತಗೊಂಡರೆ ವಿಶ್ವಾಸ ಇಲ್ಲ ಅಂತ ಯಾರೇ ಹೇಳಲಿ, ಮುಂದಿನ ಯಾವ ಹಂತವೂ ಬೇಡ. ಎದ್ದು ಬನ್ನಿ. ಹಿಜ್ಕೀಯನ ಹುಣ್ಣಿಗೆ ಯೆಶಾಯ ಅಂಜೂರದ ಲೇಪ ಹಾಕಿಸಿದ (2 ಅರಸುಗಳು 20:7). ಲೂಕನು ವೈದ್ಯ. ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲ ಸ್ವಲ್ಪ ದ್ರಾಕ್ಷಾರಸ ತಗೋ ಅಂದ. ಪ್ರಾರ್ಥನೆಯೂ ಇರಲಿ, ಗುಳಿಗೆಯೂ ಇರಲಿ.

ಹೆಣ್ಣುಮಗಳನ್ನು ಒಬ್ಬಳೇ ಪ್ರಾರ್ಥನೆಗೆ ಕರೆದರೂ ಇದೇ ಮಾತು. ಲೋಕಾಂತ್ಯದ ತಾರೀಖು ಹೇಳಿದರೂ ಇದೇ ಮಾತು, ಆ ದಿನ ಯಾರಿಗೂ ಗೊತ್ತಿಲ್ಲ ಅಂತ ಮತ್ತಾಯ 24:36ರಲ್ಲಿ ಇದೆ.

ಹಂತ 8: "ಇಲ್ಲ" ಅನ್ನುವುದು

ಗೊತ್ತಾದ ಮೇಲೂ ಜನ ಕೊಟ್ಟುಬಿಡುತ್ತಾರೆ. ಕಾರಣ ಹೆದರಿಕೆಗಿಂತ ಜಾಸ್ತಿ ಸಂಕೋಚ. ಮನೆಗೆ ಬಂದು ಚಹಾ ಕುಡಿದು ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದವರಿಗೆ ಇಲ್ಲ ಅನ್ನುವುದು ನಮ್ಮ ಕಡೆ ಸುಲಭವಲ್ಲ. ಅದಕ್ಕೆ ಮಾತನ್ನು ಮೊದಲೇ ತಯಾರು ಮಾಡಿಕೊಳ್ಳಿ, ಬಾಯಲ್ಲಿ ನಾಲ್ಕು ಸಲ ಆಡಿ ನೋಡಿ.

"ಅಣ್ಣಾರ, ನಾ ಮನ್ಯಾಗ ಕೇಳದ ಏನೂ ಕೊಡೂದಿಲ್ರಿ."

"ನೀವು ಹೇಳಿದ್ದನ್ನ ಬರ್ಕೊಂಡೀನ್ರಿ. ಇದನ್ನ ನಮ್ಮ ಅಯ್ಯಾವ್ರ ಮುಂದ ಹೇಳ್ರಿ, ಅವರೂ ಕೇಳಲಿ."

ಇಷ್ಟೇ. ಕಾರಣ ಕೊಡಲು ಹೋಗಬೇಡಿ. ಕಾರಣ ಕೊಟ್ಟರೆ ಅದನ್ನು ಮುರಿಯಲು ಅವರ ಹತ್ತಿರ ಇನ್ನೊಂದು ವಚನ ಇರುತ್ತದೆ. ನೆಹೆಮೀಯನಿಗೆ ಶತ್ರುಗಳು ಭೇಟಿಗೆ ಬಾ ಅಂತ ನಾಲ್ಕು ಸಲ ಹೇಳಿ ಕಳುಹಿಸಿದರು, ಅವನು ನಾಲ್ಕು ಸಲವೂ ಅದೇ ಉತ್ತರ ಕೊಟ್ಟ. ಹೊಸ ಉತ್ತರ ಹುಡುಕಲಿಲ್ಲ. ಆಮೇಲೆ ಶೆಮಾಯ ಎಂಬುವನು ದುಡ್ಡು ತಗೊಂಡು "ನಿನ್ನನ್ನು ಕೊಲ್ಲಲು ಬರುತ್ತಾರೆ, ದೇವಾಲಯದ ಒಳಗೆ ಅಡಗಿಕೋ" ಅಂತ ಪ್ರವಾದಿಸಿದ. ಆ ಮಾತು ತನ್ನನ್ನು ಹೆದರಿಸಿ ಪಾಪಕ್ಕೆ ತಳ್ಳುತ್ತಿದೆ ಅಂತ ಗೊತ್ತಾದಾಗ, ಇವನನ್ನು ದೇವರು ಕಳುಹಿಸಿಲ್ಲ ಅಂತ ನೆಹೆಮೀಯ ತಿಳಿದುಕೊಂಡ (ನೆಹೆಮೀಯ 6).

ಕೊಡದಿದ್ದರೆ ಶಾಪ ತಟ್ಟುತ್ತದೆ ಅಂತ ಹೇಳಿ ಹೋದರೆ ಆ ರಾತ್ರಿ ನಿದ್ದೆ ಬರುವುದಿಲ್ಲ. ಅದು ಸಹಜ. ಒಬ್ಬರೇ ಮಲಗಬೇಡಿ, ಆ ಇಬ್ಬರಲ್ಲಿ ಒಬ್ಬರಿಗೆ ಫೋನ್ ಮಾಡಿ, ಗಲಾತ್ಯ 3:13 ಜೊತೆಯಲ್ಲಿ ಓದಿ. ಕ್ರಿಸ್ತನು ನಮಗಾಗಿ ಶಾಪವಾದ ಅಂತ ಅಲ್ಲಿದೆ. ಶಾಪ ಬಿಡಿಸಲು ಇನ್ನು ಯಾರಿಗೂ ಏನೂ ಕೊಡುವ ಬಾಕಿ ಉಳಿದಿಲ್ಲ.

ಹಂತ 9: ಈಗಾಗಲೇ ಕೊಟ್ಟಿದ್ದರೆ

ಫೋನ್‌ಪೇ, ಗೂಗಲ್‌ಪೇ, ಬ್ಯಾಂಕಿನಿಂದ ಹೋಗಿದ್ದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ. ಪ್ರಾರ್ಥನೆ ಮುಗಿಸಿ ಮಾಡೋಣ ಅನ್ನಬೇಡಿ, ಫೋನ್ ಮಾಡುತ್ತಲೇ ಪ್ರಾರ್ಥಿಸಿ. ಬ್ಯಾಂಕಿಗೂ ತಿಳಿಸಿ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧದ ಪೊಲೀಸ್) ಠಾಣೆಯಲ್ಲಿ ದೂರು ಕೊಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಈ ಠಾಣೆ ಇದೆ. ಮೆಸೇಜ್, ಕಾಲ್ ಲಿಸ್ಟ್, ರಸೀದಿ ಯಾವುದನ್ನೂ ಅಳಿಸಬೇಡಿ. ನಾಚಿಕೆಯಿಂದ ಚಾಟ್ ಅಳಿಸಿದವರನ್ನು ನೋಡಿದ್ದೇನೆ, ಅದರ ಜೊತೆ ಸಾಕ್ಷಿಯೂ ಹೋಗುತ್ತದೆ. ನಗದು ಕೊಟ್ಟಿದ್ದರೆ ನೋಡಿದವರ ಹೆಸರು, ತಾರೀಖು ಬರೆದುಕೊಂಡು ಸ್ಥಳೀಯ ಠಾಣೆಗೆ ಹೋಗಿ.

"ವಿಶ್ವಾಸಿಯ ಮೇಲೆ ಕೇಸು ಹಾಕಬಾರದು" ಅಂತ ಯಾರಾದರೂ ತಡೆಯುತ್ತಾರೆ. ಕ್ಷಮಿಸುವುದು ಬೇರೆ, ಮುಂದಿನ ಮನೆಗೂ ಅವನು ಹೋಗಲಿ ಅಂತ ಬಿಡುವುದು ಬೇರೆ. ಇದರಲ್ಲಿ ನನಗೆ ಅನುಮಾನ ಇಲ್ಲ.

ಮೋಸ ಹೋದವರು ನಿಮ್ಮ ಮನೆಯಲ್ಲಿದ್ದರೆ "ಅಷ್ಟೂ ತಿಳೀಲಿಲ್ಲೇನು" ಅನ್ನಬೇಡಿ. ಅದನ್ನು ಅವರು ತಮಗೆ ತಾವೇ ನೂರು ಸಲ ಅಂದುಕೊಂಡಿರುತ್ತಾರೆ. ಪಾಸ್‌ಬುಕ್ ತಗೊಂಡು ಅವರ ಜೊತೆ ಬ್ಯಾಂಕಿಗೆ ನಡೆಯಿರಿ, ಠಾಣೆಯಲ್ಲಿ ಪಕ್ಕದ ಬೆಂಚಿನ ಮೇಲೆ ಕೂರಿ.

ಚಿಗವ್ವನ ದುಡ್ಡು ಬರಲಿಲ್ಲ. ಅವಳು ಹನ್ನೊಂದು ತಿಂಗಳು ನೇಯ್ಗೆಯ ಕೂಲಿ ಕೂಡಿಸಿ ಬೋರಮಾಳ ಬಿಡಿಸಿಕೊಂಡಳು. ಅವತ್ತು ನಾನೂ ಜೊತೆಗೆ ಹೋಗಿದ್ದೆ. ಪತ್ತಾರರು ಪೊಟ್ಟಣ ಬಿಚ್ಚಿ ಕೊಡಲು ಬಂದಾಗ ಅವಳು ಕೈ ಚಾಚಲಿಲ್ಲ. "ಒಂದ್ ಸಲ ಕಲ್ಲಿಗೆ ಹಚ್ಚಿ ತೋರಸ್ರಿ" ಅಂದಳು. ಅವರು ನಕ್ಕು ಒರೆಗಲ್ಲು ತೆಗೆದರು.